ಯಮನ ಮೇಲೆ ಯಾಕೆ ಹಾಕುತ್ತೀರಿ?

'ಯಮಸ್ವರೂಪಿ ಲಾರಿ', 'ಜವರಾಯನ ಅಟ್ಟಹಾಸ', 'ವಿಧಿಯಾಟಕ್ಕೆ ಬಲಿ'. ಅಪಘಾತದ ಸುದ್ದಿಗೆ ಇಂಥ ತಲೆಬರಹ ಕೊಟ್ಟವರಲ್ಲಿ ನಾವೂ ಇದ್ದೇವೆ. ಪುಟ ಮುಗಿಸುವ ಗಡಿಬಿಡಿಯಲ್ಲಿ ಯಮನಷ್ಟು ಸುಲಭವಾಗಿ ಸಿಗುವ ಆರೋಪಿ ಇನ್ನೊಬ್ಬನಿಲ್ಲ.

ಆ ಯಮನ ಕೆಲಸವನ್ನೇ ಆಟವಾಗಿಸಿದ ವಿಡಿಯೊ ಗೇಮ್ ಒಂದಿದೆ. ಹೆಸರು 'ಡೆತ್ ಕಮಿಂಗ್'. ಚೀನಾದ ನೆಕ್ಸ್ಟ್ ಸ್ಟುಡಿಯೋಸ್ 2017ರಲ್ಲಿ ತಂದದ್ದು. ಆಡುವವರು ಇದರಲ್ಲಿ ಸಾವಿನ ದೇವತೆಯ ಆಳು, ನಮ್ಮ ಮಾತಿನಲ್ಲಿ ಯಮದೂತ. ಎದುರಿಗೆ ಒಂದು ಊರು, ಅಡ್ಡಾಡುವ ಪುಟಾಣಿ ಜನ. ಕೈಯಲ್ಲಿ ಕತ್ತಿಯಿಲ್ಲ, ಕೋವಿಯಿಲ್ಲ. ಅಲ್ಲಿರುವ ವಸ್ತುಗಳ ಮೇಲೆ ಕ್ಲಿಕ್ ಮಾಡಿ ಅಪಘಾತ ಆಗಿಸಬೇಕು, ಒಂದಕ್ಕೊಂದು ತಗುಲಿದಷ್ಟೂ ಲಾಭ. ನಗು ಬರುತ್ತದೆ. ನಕ್ಕದ್ದಕ್ಕೆ ನಾಚಿಕೆಯೂ ಆಗುತ್ತದೆ.

'ಸಾವಿನಲ್ಲೂ ತಮಾಷೆಯೇ? ನಿಷೇಧಿಸಿ' ಎನ್ನುವವರಿದ್ದಾರೆ. ಆ ಸಿಟ್ಟು ನಮಗೆ ಅರ್ಥವಾಗುತ್ತದೆ. ಮನೆಯವರನ್ನು ರಸ್ತೆಯಲ್ಲಿ ಕಳೆದುಕೊಂಡವರ ಮುಂದೆ ಈ ಆಟ ಇಡುವ ಧೈರ್ಯ ನಮಗಿಲ್ಲ. ಎಳೆಯ ಮಕ್ಕಳ ಕೈಗೆ ಕೊಡಿ ಎಂದೂ ಹೇಳುವುದಿಲ್ಲ. ಆದರೆ ಸಾವನ್ನು ಹಗುರ ಮಾಡುತ್ತಿರುವವರು ಯಾರು ಎಂದು ಕೇಳಿದರೆ, ಈ ಆಟಕ್ಕಿಂತ ಮೊದಲು ನಮ್ಮ ತಲೆಬರಹಗಳತ್ತ ಬೆರಳು ತೋರಿಸುತ್ತೇವೆ.

ಏಕೆಂದರೆ ಆಟದ ಯಮದೂತ ಬರಿಗೈಯಲ್ಲಿ ಯಾರನ್ನೂ ಮುಟ್ಟಲಾರ. ಅಪಾಯದ ವಸ್ತು ಮೊದಲೇ ಅಲ್ಲಿರಬೇಕು, ಜನ ಅದರ ದಾರಿಯಲ್ಲಿ ಬರಬೇಕು, ಹೊತ್ತು ಕೂಡಬೇಕು. ಮೂರರಲ್ಲಿ ಒಂದು ತಪ್ಪಿದರೂ ಜೀವ ಉಳಿಯಿತು. ಅಪಘಾತವೆಂದರೆ ಕೊಂಡಿಗಳ ಸರಪಳಿ, ಯಾವ ಕೊಂಡಿ ಕಳಚಿದರೂ ಸಾಕು ಎಂಬ ಪಾಠವನ್ನು ಈ ಆಟ ಬಾಯಿಬಿಟ್ಟು ಹೇಳದೆ ಕಲಿಸುತ್ತದೆ. 'ಚಾಲಕನ ನಿಯಂತ್ರಣ ತಪ್ಪಿ' ಎಂದು ಒಂದೇ ಸಾಲಿನಲ್ಲಿ ಮುಗಿಸುವ ನಮ್ಮ ಸುದ್ದಿ ಅದನ್ನು ಕಲಿಸುವುದಿಲ್ಲ.

ಸರಪಳಿ ಮುಚ್ಚಿಟ್ಟರೆ ಲಾಭ ಯಾರಿಗೆ? ಭೋಪಾಲವನ್ನು ನೆನೆಯಿರಿ. 1984ರ ಡಿಸೆಂಬರ್ 2ರ ರಾತ್ರಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಮೀಥೈಲ್ ಐಸೊಸಯನೇಟ್ ತುಂಬಿದ್ದ ಟ್ಯಾಂಕಿಗೆ ನೀರು ಸೇರಿತು. ಅತೃಪ್ತ ಕಾರ್ಮಿಕನೊಬ್ಬ ಬೇಕೆಂದೇ ನೀರು ಬಿಟ್ಟ ಎಂಬುದು ಕಂಪನಿಯ ವಾದ. ಅಂದರೆ ಕೊನೆಯ ಕ್ಲಿಕ್ ಒತ್ತಿದವನನ್ನು ಹಿಡಿಯಿರಿ, ಉಳಿದದ್ದು ಕೇಳಬೇಡಿ ಎಂದು. ಉಳಿದದ್ದು ಏನು? ಟ್ಯಾಂಕನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಸೋರಿದ ಅನಿಲವನ್ನು ಸುಡಬೇಕಿದ್ದ ಗೋಪುರದ ಪೈಪು ರಿಪೇರಿಗೆಂದು ಬಿಚ್ಚಿಟ್ಟಿತ್ತು. ಗೋಡೆಯಾಚೆ ಬಡವರ ಗುಡಿಸಲುಗಳು. ನೀರು ಹೇಗೇ ಬಂದಿರಲಿ, ಈ ಕೊಂಡಿಗಳನ್ನು ಜೋಡಿಸಿಟ್ಟದ್ದು ಯಮನೂ ಅಲ್ಲ, ಒಬ್ಬ ಕಾರ್ಮಿಕನೂ ಅಲ್ಲ.

ಆಟದ ಮೇಲೂ ನಮ್ಮ ತಕರಾರಿದೆ. ಅದು ಎಷ್ಟು ಜೀವ ಹೋಯಿತು ಎಂದು ಎಣಿಸುತ್ತದೆ, ಆ ವಸ್ತುವನ್ನು ಅಲ್ಲಿ ಇಟ್ಟವರು ಯಾರು ಎಂದು ಕೇಳುವುದಿಲ್ಲ. ಆಟ ಕೇಳಬೇಕಾಗಿಯೂ ಇಲ್ಲ, ಅದು ಮನರಂಜನೆ. ಕೇಳಬೇಕಾದವರು ನಾವು.

ನಾವು ಕೇಳದಿರುವುದಕ್ಕೆ ಕಾರಣವೂ ಗೊತ್ತು. ಗುಂಡಿ ಮುಚ್ಚದ ಗುತ್ತಿಗೆದಾರನ ಹೆಸರು ಬರೆದರೆ ನೋಟಿಸ್ ಬರುತ್ತದೆ. ಬಸ್ಸನ್ನು ನೋಡದೆಯೇ ಎಫ್‌ಸಿ ಕೊಟ್ಟವನನ್ನು ಹೆಸರಿಸಿದರೆ ಮೇಲಿನಿಂದ ಫೋನ್ ಬರುತ್ತದೆ. ಯಮನಿಗೆ ವಕೀಲರಿಲ್ಲ, ಅವನು ಜಾಹೀರಾತನ್ನೂ ಕೊಡುವುದಿಲ್ಲ. ಅದಕ್ಕೇ ತಲೆಬರಹ ಅವನ ಪಾಲಿಗೆ.

ಮುಂದಿನ ಅಪಘಾತದ ಸುದ್ದಿ ಬರೆಯುವಾಗ ಪೊಲೀಸರು ಕೊಟ್ಟ ನಾಲ್ಕು ಸಾಲಿಗೆ ನಿಲ್ಲುವುದು ಬೇಡ. ಗುಂಡಿ ಯಾವಾಗ ಬಿತ್ತು, ಬೀದಿದೀಪ ಎಂದಿನಿಂದ ಉರಿಯುತ್ತಿಲ್ಲ, ಊರಿನವರು ಯಾರಿಗೆ ಅರ್ಜಿ ಕೊಟ್ಟಿದ್ದರು, ಅರ್ಜಿ ಯಾವ ಮೇಜಿನ ಮೇಲೆ ಕುಳಿತಿತ್ತು ಎಂದು ಕೇಳಿ ಬರೆಯೋಣ. ಅಷ್ಟು ಮಾಡುವವರೆಗೆ ಒಂದು ವಿಡಿಯೊ ಗೇಮನ್ನು ಬೈಯುವ ಯೋಗ್ಯತೆ ನಮಗಿಲ್ಲ.