ಕಿರಿಸೊಸೆಯೇ ಏಕೆ?

ಕಲ್ಲನಕೇರಿಯ ಮಲ್ಲನಗೌಡ ಕೆರೆ ಕಟ್ಟಿಸಿದ. ಹನಿ ನೀರೂ ಬರಲಿಲ್ಲ. ಕೆರೆಗೆ ಸೊಸೆಯನ್ನು ಬಲಿ ಕೊಡಬೇಕೆಂಬ ಮಾತು ಬಂದಾಗ ಹಿರಿಸೊಸೆ ಹೋದರೆ ಮನೆತನ ನೋಡುವವರಿಲ್ಲವೆಂದು ಕಿರಿಸೊಸೆ ಭಾಗೀರಥಿಯನ್ನು ಆರಿಸಿದರು. ‘ಕೆರೆಗೆ ಹಾರ’ ಎಂಬ ಈ ಜನಪದ ಕಥನಗೀತೆ ಕನ್ನಡದ ಮಕ್ಕಳಿಗೆ ಹೊಸದಲ್ಲ. ಭಾಗೀರಥಿಯ ತ್ಯಾಗವನ್ನು ಹೊಗಳಿ, ಸಾರಾಂಶ ಬರೆಸಿ, ಪಾಠ ಮುಗಿಸುವುದು ರೂಢಿ.

ಆದರೆ ಪಾಠ ಶುರುವಾಗಬೇಕಾದದ್ದು ಅಲ್ಲಿಂದಲೇ. ‘ಹೆಣ್ಣು ಗಂಡು ಸಮಾನರು’ ಎಂದು ಭಾಷಣ ಮಾಡಿದರೆ ಹೈಸ್ಕೂಲಿನ ಹುಡುಗರು ಕಿಟಕಿಯಾಚೆ ನೋಡುತ್ತಾರೆ, ಹುಡುಗಿಯರು ತಲೆ ತಗ್ಗಿಸುತ್ತಾರೆ. ಅದೇ ಭಾಗೀರಥಿಯ ವಿಷಯವಾದರೆ ಇಬ್ಬರೂ ಬಾಯಿ ಬಿಡುತ್ತಾರೆ. ಏಕೆಂದರೆ ಅಲ್ಲಿ ಯಾರೂ ತಮ್ಮ ಮನೆಯ ಗುಟ್ಟು ಹೇಳಬೇಕಾಗಿಲ್ಲ.

ಮಾಸ್ತರರು ಮೂರು ಪ್ರಶ್ನೆ ಕೇಳಿದರೆ ಸಾಕು. ಗೌಡನ ಮನೆಯಲ್ಲಿ ಮಗನನ್ನು ಕೊಡುವ ಮಾತು ಏಕೆ ಬರಲಿಲ್ಲ? ತವರಿಗೆ ಹೋದ ಭಾಗೀರಥಿ ಅಪ್ಪ, ಅವ್ವನಿಗೆ ಹೇಳದ ನಿಜವನ್ನು ಗೆಳತಿಗೆ ಮಾತ್ರ ಏಕೆ ಹೇಳಿದಳು? ದಂಡಿಗೆ ಹೋಗಿದ್ದ ಗಂಡ ಮಾದೇವರಾಯ ಮನೆಯಲ್ಲಿದ್ದಿದ್ದರೆ ಏನನ್ನುತ್ತಿದ್ದ? ಮೂರನೆಯ ಪ್ರಶ್ನೆ ಗಂಡುಹುಡುಗರಿಗೆ ಮುಖ್ಯ. ‘ಗಂಡಸಾಗಿ ಅಳ್ತೀಯೇನೋ’ ಎಂಬ ಮಾತು ಕೇಳಿಯೇ ಅವರೂ ಬೆಳೆದವರು. ಮಾದೇವರಾಯ ಕೊನೆಗೆ ಅದೇ ಕೆರೆಗೆ ಹಾರುತ್ತಾನೆ. ಜೀವ ಕಳೆದುಕೊಳ್ಳುವುದು ಯಾವ ದುಃಖಕ್ಕೂ ಉತ್ತರವಲ್ಲ ಎಂಬುದನ್ನು ಮಾಸ್ತರರು ಬಿಡಿಸಿ ಹೇಳಲೇಬೇಕು. ದುಃಖವನ್ನು ಇನ್ನೊಬ್ಬರ ಮುಂದೆ ಆಡುವುದು ಗಂಡಿಗೂ ಅವಮಾನವಲ್ಲ ಎಂಬ ಮಾತು ಅಲ್ಲಿಂದ ಹೊರಡುತ್ತದೆ.

ಯಾದಗಿರಿ ಜಿಲ್ಲೆಯ ಬಳಿಚಕ್ರದಂಥ ಊರಿನ ಮಕ್ಕಳಿಗೆ ಇನ್ನೊಂದು ಪಾಠ ಹತ್ತಿರದಲ್ಲೇ ಇದೆ. ಆದ್ಯ ವಚನಕಾರನೆಂದು ಹೆಸರಾದ ನೇಕಾರ ಜೇಡರ ದಾಸಿಮಯ್ಯ ಇದೇ ಜಿಲ್ಲೆಯ ಸುರಪುರ ಸೀಮೆಯ ಮುದನೂರಿನವನು. ಅವನ ಹೆಂಡತಿ ದುಗ್ಗಳೆಯೂ ವಚನಕಾರ್ತಿ. ಮೈಮೇಲಿನ ಗುರುತು ನೋಡಿ ಜನ ಹೆಣ್ಣು, ಗಂಡು ಎಂದು ಹೆಸರಿಡುತ್ತಾರೆ, ಒಳಗಿನ ಆತ್ಮಕ್ಕೆ ಆ ಭೇದವಿಲ್ಲ ಎಂಬುದು ದಾಸಿಮಯ್ಯನ ಪ್ರಸಿದ್ಧ ವಚನವೊಂದರ ತಿರುಳು. ಸಮಾನತೆ ಎಂಬುದು ಪಟ್ಟಣದಿಂದ ಬಂದ ಹೊಸ ಮಾತು ಎನ್ನುವ ಹಿರಿಯರಿಗೆ ಮಕ್ಕಳೇ ಈ ವಚನ ತೋರಿಸಬಹುದು.

ಪಾತ್ರಗಳನ್ನು ಅದಲುಬದಲು ಮಾಡಿ ಬರೆಸುವುದೂ ಒಳ್ಳೆಯ ಉಪಾಯ. ಬಂಗಾಳದ ರೋಕಿಯಾ ಹುಸೇನ್ 1905ರಲ್ಲಿಯೇ ‘ಸುಲ್ತಾನಾಳ ಕನಸು’ ಎಂಬ ಕಥೆಯಲ್ಲಿ ಇದನ್ನು ಮಾಡಿದ್ದಳು. ಅಲ್ಲಿ ರಾಜ್ಯವಾಳುವವರು ಹೆಂಗಸರು, ಮನೆಯೊಳಗೆ ಪರದೆಯಲ್ಲಿರುವವರು ಗಂಡಸರು. ಓದಿ ನಕ್ಕ ಮಕ್ಕಳನ್ನು ‘ಏಕೆ ನಕ್ಕಿರಿ?’ ಎಂದು ಕೇಳಿದರೆ ಅರ್ಧ ಪಾಠ ಆದಂತೆಯೇ.

ಇನ್ನರ್ಧ ಪಾಠ ಮನೆಯಲ್ಲಿ ಆಗಬೇಕು. 2011ರ ಜನಗಣತಿಯಂತೆ ಯಾದಗಿರಿ ಜಿಲ್ಲೆಯಲ್ಲಿ ಅಕ್ಷರ ಬಲ್ಲ ಗಂಡಸರು ಶೇ. 62, ಹೆಂಗಸರು ಶೇ. 41. ಈ ಅಂತರ ಶಾಲೆಯಲ್ಲಷ್ಟೇ ಹುಟ್ಟಿದ್ದಲ್ಲ. ಹತ್ತಿ ಬಿಡಿಸುವ ಕಾಲ ಬಂದಾಗ, ಕೂಸು ನೋಡಿಕೊಳ್ಳುವವರು ಬೇಕಾದಾಗ, ಯಾರ ಪಾಟಿಚೀಲ ಗೂಟಕ್ಕೆ ಬೀಳುತ್ತದೆ ಎಂಬಲ್ಲಿ ಅದು ಹುಟ್ಟುತ್ತದೆ. ಮಗಳು ‘ಕೆರೆಗೆ ಹಾರ’ ಓದಿ ಬಂದ ಸಂಜೆ ‘ಅಪ್ಪಾ, ಕಿರಿಸೊಸೀನ ಯಾಕ ಆರಿಸಿದ್ರು?’ ಎಂದು ಕೇಳಿದರೆ, ‘ಸುಮ್ನಿರು, ಅದು ಹಾಡು’ ಎನ್ನಬಾರದು. ಅವಳು ಕೇಳುತ್ತಿರುವುದು ಹಾಡಿನ ವಿಷಯವನ್ನಷ್ಟೇ ಅಲ್ಲ.