ರೇಡಾರ್ ಸುಳಿವು ಕಂಪನಿಯ ಖಾಸಗಿ ಸ್ವತ್ತಲ್ಲ

ಅಮೆರಿಕದ ಕರಾವಳಿಯುದ್ದಕ್ಕೂ ನೌಕಾಪಡೆಯ ರೇಡಾರ್‌ಗೆ ಕಿವಿಗೊಟ್ಟ ಸೆನ್ಸರ್‌ಗಳಿವೆ. 3550ರಿಂದ 3700 ಮೆಗಾಹರ್ಟ್ಸ್‌ವರೆಗಿನ ತರಂಗಾಂತರವನ್ನು ಆ ರೇಡಾರ್ ಜೊತೆ ಹಂಚಿಕೊಂಡು ಬಳಸಲು ಅಲ್ಲಿನ ಸಂಪರ್ಕ ಆಯೋಗ ಎಫ್‌ಸಿಸಿ 2015ರಲ್ಲಿ ನಿಯಮ ಮಾಡಿತು. ಇದೇ ಸಿಬಿಆರ್‌ಎಸ್. ಮೊದಲ ಹಕ್ಕು ನೌಕಾಪಡೆಯದು, ನಂತರದ್ದು ಹರಾಜಿನಲ್ಲಿ ಪರವಾನಗಿ ಪಡೆದವರದು, ಉಳಿದದ್ದು ಎಲ್ಲರದು. ಸೆನ್ಸರ್ ಸುಳಿವು ಕೊಟ್ಟ 300 ಸೆಕೆಂಡಿನೊಳಗೆ ಎಸ್‌ಎಎಸ್ ಎಂಬ ನಿಯಂತ್ರಣ ವ್ಯವಸ್ಥೆ ಆ ಚಾನೆಲ್ಲನ್ನು ತೆರವು ಮಾಡಿಸಬೇಕು.

ಬೇಸ್ ಸ್ಟೇಷನ್ ಎಸ್‌ಎಎಸ್ ಜೊತೆ ಹೇಗೆ ಮಾತಾಡಬೇಕು, ಒಂದು ಎಸ್‌ಎಎಸ್ ಇನ್ನೊಂದರ ಜೊತೆ ಹೇಗೆ ವ್ಯವಹರಿಸಬೇಕು ಎಂಬುದಕ್ಕೆಲ್ಲ ವೈರ್‌ಲೆಸ್ ಇನ್ನೋವೇಷನ್ ಫೋರಂ ಎಂಬ ಉದ್ಯಮ ವೇದಿಕೆ ಬಹಿರಂಗ ಮಾನದಂಡ ರೂಪಿಸಿದೆ. ಆದರೆ ಇಡೀ ಏರ್ಪಾಡಿಗೆ ಆಧಾರವಾದ ಸೆನ್ಸರ್‌ನ ಸುಳಿವು ಎಸ್‌ಎಎಸ್ ತಲುಪುವ ಬಗೆಯನ್ನು ಮಾತ್ರ ಕಂಪನಿಗಳ ಖಾಸಗಿ ಒಪ್ಪಂದಕ್ಕೆ ಬಿಟ್ಟಿದೆ. ಇದು ತಪ್ಪು.

ಇದರ ಬೆಲೆಯನ್ನು ಕರಾವಳಿಯ ಜನ ತೆರುತ್ತಾರೆ. ಸೆನ್ಸರ್‌ಗೆ ಕ್ಷೀಣ ಸಂಕೇತವೂ ಕೇಳಬೇಕಾದ್ದರಿಂದ ಅದರ ಸುತ್ತಲಿನ ಬೇಸ್ ಸ್ಟೇಷನ್‌ಗಳು ಶಕ್ತಿ ತಗ್ಗಿಸಬೇಕು. ಇಂಥ ಪ್ರದೇಶಕ್ಕೆ ಅಲ್ಲಿ ‘ವಿಸ್ಪರ್ ಝೋನ್’ ಎನ್ನುತ್ತಾರೆ. ಸುಳಿವನ್ನು ಹಂಚಿಕೊಳ್ಳಲು ಸಾಮಾನ್ಯ ಮಾದರಿಯಿಲ್ಲದೆ ಒಂದೇ ಕಡಲಿಗೆ ಎರಡು ಕಂಪನಿಗಳು ಪ್ರತ್ಯೇಕ ಸೆನ್ಸರ್ ಜಾಲ ಹಾಕಿದರೆ, ಒಂದೇ ರೇಡಾರ್ ಹಿಡಿಯಲು ಎರಡು ಕಡೆ ಸೇವೆ ಕುಗ್ಗುತ್ತದೆ. 2020ರ ಹರಾಜಿನಲ್ಲಿ ಈ ಪರವಾನಗಿಗಳಿಗೆ 450 ಕೋಟಿ ಡಾಲರಿಗೂ ಹೆಚ್ಚು ಸುರಿದವರಿಗೆ ಅದು ಸಣ್ಣ ನಷ್ಟವಲ್ಲ. ಆ ಊರುಗಳ ಶಾಲೆ, ಬಂದರು, ಸಣ್ಣ ಇಂಟರ್ನೆಟ್ ಸಂಸ್ಥೆಗಳಿಗೂ ಅಲ್ಲ.

ಮಾನದಂಡ ಬಂದರೆ ಹಡಗಿನ ಗುಟ್ಟು ಬಯಲಾಗುತ್ತದೆ ಎಂಬುದು ದೊಡ್ಡ ಆಕ್ಷೇಪ. ಭದ್ರತೆಯ ಕಾಳಜಿ ನಿಜವಾದದ್ದೇ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ನೌಕೆಯ ಚಲನೆ ಅಥವಾ ಸ್ಥಾನದ ವಿವರವನ್ನು ಸೆನ್ಸರ್ ಜಾಲ ಕೂಡಿಡಬಾರದು, ಹೊರಗೆಡಹಬಾರದು ಎಂದು ನಿಯಮವೇ ಹೇಳುತ್ತದೆ. ಎಸ್‌ಎಎಸ್‌ಗೆ ಬೇಕಾದದ್ದೂ ಅಷ್ಟಿಲ್ಲ: ಯಾವ ಸಂರಕ್ಷಿತ ವಲಯ, ಯಾವ ಚಾನೆಲ್, ಯಾವ ಹೊತ್ತು, ಸೆನ್ಸರ್ ಸುಸ್ಥಿತಿಯಲ್ಲಿದೆಯೇ. ಈ ನಾಲ್ಕು ಸಂಗತಿಗಳನ್ನು ಸಾಗಿಸುವ ಸಂದೇಶಕ್ಕೆ ಒಂದೇ ರೂಪ ಕೊಟ್ಟರೆ ಗುಟ್ಟು ಸೋರುವುದಿಲ್ಲ. ಬದಲಿಗೆ, ಸೋರುತ್ತಿದೆಯೇ ಎಂದು ಹೊರಗಿನ ಪರೀಕ್ಷಕರು ನೋಡುವುದು ಸುಲಭವಾಗುತ್ತದೆ. ಕಂಪನಿಗೊಂದು ಮಾದರಿಯಿರುವಾಗ ಆ ಪರೀಕ್ಷೆಯನ್ನು ಪ್ರತಿ ಬಾರಿ ಹೊಸದಾಗಿ ಕಟ್ಟಬೇಕು.

ತಂತ್ರಜ್ಞಾನ ಮಾಗಿಲ್ಲ ಎನ್ನುವ ನೆಪವೂ ನಿಲ್ಲದು. ಸೆನ್ಸರ್ ಮಾಹಿತಿಯ ವಿನಿಮಯಕ್ಕೆಂದೇ ಐಇಇಇ 1900.6 ಮಾನದಂಡ 2011ರಲ್ಲೇ ಬಂದಿದೆ. ಅದನ್ನು ಕಡ್ಡಾಯ ಮಾಡುವವರು ಇಲ್ಲದ್ದೇ ಕೊರತೆ.

ಸೆನ್ಸರ್‌ಗೆ ಹಣ ಹೂಡಿದ ಕಂಪನಿಗೆ ಬಾಡಿಗೆ ಸಿಗಲಿ, ಅದು ನ್ಯಾಯ. ಎಸ್‌ಎಎಸ್ ಬದಲಿಸಬೇಕೆಂದವರಿಗೆ, ಹೊಸದಾಗಿ ಸೆನ್ಸರ್ ಜಾಲ ಕಟ್ಟಬೇಕೆಂದವರಿಗೆ ಬಾಗಿಲು ಮುಚ್ಚುವ ಹಕ್ಕು ಅದಕ್ಕೆ ಸಿಗಬಾರದು. 2024ರಲ್ಲಿ ಎಫ್‌ಸಿಸಿ ಸಿಬಿಆರ್‌ಎಸ್ ನಿಯಮಗಳ ಮರುಪರಿಶೀಲನೆಗೆ ಕೈಹಾಕಿತು. ಸೆನ್ಸರ್ ಸಂದೇಶದ ಬಹಿರಂಗ ಮಾದರಿಯನ್ನು ಪಾಲಿಸದ ಜಾಲಕ್ಕೆ ಅನುಮೋದನೆಯಿಲ್ಲ ಎಂಬ ಒಂದು ಷರತ್ತನ್ನು ಆ ನಿಯಮಗಳಲ್ಲಿ ಸೇರಿಸಲಿ, ಈಗಾಗಲೇ ನಿಂತಿರುವ ಜಾಲಗಳಿಗೆ ಬದಲಾಗಲು ಗಡುವು ಕೊಡಲಿ.