ಇಂಜೆಕ್ಟರ್ ಬದಲಿಸಿದ್ರೂ ಕಾರು ನಡುಗ್ತಿದೆಯಾ? ಪಾರ್ಟ್‌ಗೆ ಮುಂಚೆ ಪರೀಕ್ಷೆಗೆ ದುಡ್ಡು ಕೊಡಿ

ಎಲೆ ಹಳದಿ ಆದ ತಕ್ಷಣ ಯೂರಿಯಾ ಚೀಲ ಬಿಚ್ಚಬೇಡಿ, ಮೊದಲು ಕಾರಣ ಹುಡುಕಿ ಅಂತ ಸಿಕ್ಕವರಿಗೆಲ್ಲ ಹೇಳೋನು ನಾನು. ನನ್ನ ಡೀಸೆಲ್ ಕಾರಿನ ವಿಷಯ ಬಂದಾಗ ಮಾತ್ರ ಆ ಬುದ್ಧಿ ಎಲ್ಲಿ ಹೋಯ್ತೋ ಗೊತ್ತಿಲ್ಲ. ನಮ್ಮಲ್ಲಿ ತುಂಬಾ ಜನರ ಹತ್ರ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರಿದೆ. ಅಪ್ಪ ಅಮ್ಮನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋದೂ ಅದರಲ್ಲೇ, ನರ್ಸರಿಯಿಂದ ಸಸಿ ತರೋದೂ ಅದರಲ್ಲೇ. ಅದಕ್ಕೇ ಈ ವಾರ ಇದನ್ನ ಬರೀತಿದ್ದೀನಿ.

ನನ್ನದು ನಾಲ್ಕು ಸಿಲಿಂಡರ್‌ನ ಕಾಮನ್ ರೈಲ್ ಇಂಜಿನ್. ಹೊಗೆ ಜಾಸ್ತಿ ಆಗಿ ಮೈಲೇಜ್ ಇಳೀತು. ಗ್ಯಾರೇಜಿನವರು ನಾಲ್ಕೂ ಇಂಜೆಕ್ಟರ್ ಹೋಗಿವೆ ಅಂದ್ರು. ಟೊಮೆಟೊ ಮಾರಿದ ದುಡ್ಡಲ್ಲಿ ದೊಡ್ಡ ಪಾಲು ಸುರಿದು ರೀಕಂಡೀಷನ್ ಮಾಡಿದ್ದನ್ನ ಹಾಕಿಸಿದೆ. ಹೊಗೆಯೇನೋ ಕಮ್ಮಿ ಆಯ್ತು. ಆದ್ರೆ ನ್ಯೂಟ್ರಲ್‌ನಲ್ಲಿ ನಿಲ್ಲಿಸಿದ್ರೆ ಗೇರ್ ರಾಡ್ ಗಡಗಡ ನಡುಗೋದು. ರಸ್ತೇಲಿ ಓಡುವಾಗ ಏನೂ ಇಲ್ಲ. ಇಂಜಿನ್ ಮೌಂಟಿಂಗ್ ಅಂದ್ರು, ಅದನ್ನೂ ಬದಲಿಸಿದ್ದಾಯ್ತು. ನಡುಕ ಹಾಗೇ ಇತ್ತು. ಮೂರನೇ ಸಲ ಹೈ ಪ್ರೆಶರ್ ಪಂಪ್ ಬದಲಿಸ್ಬೇಕು ಅಂದಾಗ ಎಚ್ಚರ ಆಯ್ತು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆಯೋದು ಅಂದ್ರೆ ಇದೇ ಅಲ್ವಾ?

ನಿಂತಾಗ ಮಾತ್ರ ನಡುಕ ಯಾಕೆ? ಐಡಲ್‌ನಲ್ಲಿ ಇಂಜಿನ್ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತೆ. ಪ್ರತಿ ಸಲ ಬೀಳೋದು ಕೆಲವೇ ಮಿಲಿಗ್ರಾಂ ಡೀಸೆಲ್. ಒಂದು ಸಿಲಿಂಡರ್‌ಗೆ ಸ್ವಲ್ಪ ಹೆಚ್ಚು ಕಮ್ಮಿ ಆದ್ರೂ ಮೈಯೆಲ್ಲ ಅಲ್ಲಾಡುತ್ತೆ. ವೇಗ ಏರಿದಾಗ ಫ್ಲೈವೀಲ್‌ನ ಓಟ ಅದನ್ನ ಮುಚ್ಚಿಹಾಕುತ್ತೆ.

ಬೇರೊಬ್ಬ ಮೆಕಾನಿಕ್ ಸ್ಕ್ಯಾನರ್ ಹಾಕಿ ನೋಡಿದ್ರು. ಕಂಪ್ಯೂಟರ್ ಪ್ರತಿ ಸಿಲಿಂಡರ್‌ಗೆ ಎಷ್ಟು ಡೀಸೆಲ್ ಸರಿದೂಗಿಸ್ತಿದೆ ಅನ್ನೋ ಲೆಕ್ಕ ಅದರಲ್ಲಿ ಬರುತ್ತೆ. ನಾಲ್ಕೂ ಏರುಪೇರು, ಮೂರನೇದು ತೀರಾ ಜಾಸ್ತಿ. ಪಂಪ್ ಒಂದೇ ರೈಲಿನಿಂದ ನಾಲ್ಕಕ್ಕೂ ಡೀಸೆಲ್ ಕೊಡುತ್ತೆ. ಹೀಗಿರುವಾಗ ಒಂದೇ ಸಿಲಿಂಡರ್ ಕೈಕೊಟ್ರೆ ಮೊದಲು ಪಂಪ್ ಮೇಲೆ ಅನುಮಾನ ಪಡೋದು ಸರಿಯಲ್ಲ.

ಸಿಕ್ಕಿದ್ದು ಎರಡು ತಪ್ಪು. ಒಂದು, ಇಂಜೆಕ್ಟರ್ ತಲೆ ಮೇಲೆ ಅಕ್ಷರ, ಅಂಕಿ ಸೇರಿದ ಕೋಡ್ ಇರುತ್ತೆ. ಯಾವ ಸಿಲಿಂಡರ್‌ಗೆ ಯಾವ ಇಂಜೆಕ್ಟರ್ ಅಂತ ಅದನ್ನ ಗಾಡಿಯ ಕಂಪ್ಯೂಟರ್‌ಗೆ ತುಂಬಬೇಕು. ನನ್ನ ಕಾರಲ್ಲಿ ಇನ್ನೂ ಹಳೇ ಇಂಜೆಕ್ಟರ್‌ಗಳ ಕೋಡ್ ಕೂತಿತ್ತು. ಎರಡು, ಮೂರನೇ ಸಿಲಿಂಡರ್‌ನ ಹಳೇ ತಾಮ್ರದ ವಾಷರ್ ತೂತಿನ ತಳದಲ್ಲೇ ಅಂಟಿತ್ತು. ಅದರ ಮೇಲೇ ಹೊಸದನ್ನ ಕೂರಿಸಿದ್ರು. ಇಂಜೆಕ್ಟರ್ ಸರಿಯಾಗಿ ಕೂರದೆ ಗ್ಯಾಸ್ ಸೋರ್ತಿತ್ತು. ಬುಡಕ್ಕೆ ಸೋಪಿನ ನೀರು ಬಿಟ್ಟಾಗ ಗುಳ್ಳೆ ಬಂತು. ವಾಷರ್ ಎಷ್ಟು ರೂಪಾಯಿದು ಹೇಳಿ! ನಾನು ಪಂಪ್ ಬದಲಿಸೋಕೆ ಹೊರಟಿದ್ದೆ.

ನಿಮಗೂ ಹೀಗಾದ್ರೆ ಈ ಸಾಲು ನೆನಪಿಡಿ. ಮೊದಲು ಲೈನಲ್ಲಿ ಏರ್ ಹಿಡಿದಿದೆಯಾ, ಫಿಲ್ಟರ್‌ನಲ್ಲಿ ನೀರಿದೆಯಾ ನೋಡಿಸಿ. ಆಮೇಲೆ ಕೋಡ್. ಆಮೇಲೆ ವಾಷರ್. ಆಮೇಲೆ ರಿಟರ್ನ್ ಪರೀಕ್ಷೆ: ನಾಲ್ಕು ಇಂಜೆಕ್ಟರ್‌ನ ರಿಟರ್ನ್ ಪೈಪಿಗೆ ನಾಲ್ಕು ಒಂದೇ ಅಳತೆ ಬಾಟಲಿ ಇಟ್ಟು ಕೆಲವು ನಿಮಿಷ ಇಂಜಿನ್ ಓಡಿಸ್ತಾರೆ. ಉಳಿದವಕ್ಕಿಂತ ಬೇಗ ತುಂಬೋ ಬಾಟಲಿಯ ಇಂಜೆಕ್ಟರ್ ಒಳಗೆ ಸೋರ್ತಿದೆ ಅಂತ ಅರ್ಥ. ಎಲ್ಲಾ ಇಂಜೆಕ್ಟರ್‌ಗೂ ಈ ಪರೀಕ್ಷೆ ಹೊಂದಲ್ಲ, ತಿಳಿದವರ ಕೈಲೇ ಮಾಡಿಸಿ. ಕೊನೆಗೆ ಕಂಪ್ರೆಷನ್. ಅದು ಬಿದ್ದಿದ್ರೆ ಚಿನ್ನದ ಇಂಜೆಕ್ಟರ್ ಹಾಕಿದ್ರೂ ನಡುಕ ಹೋಗಲ್ಲ. ನಿಜ ಹೇಳ್ಬೇಕಂದ್ರೆ ಕಂಪ್ರೆಷನ್ ನೋಡಬೇಕಾದ್ದು ಇಂಜೆಕ್ಟರ್ ಕೊಳ್ಳೋಕೆ ಮುಂಚೆ.

ಒಂದು ಮಾತ್ರ ಮಾಡಲೇಬೇಡಿ. ಹಳೇ ಟ್ರ್ಯಾಕ್ಟರ್‌ನಲ್ಲಿ ಇಂಜಿನ್ ಓಡ್ತಿರುವಾಗ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡಿ ಯಾವುದು ಮಿಸ್ಸಿಂಗ್ ಅಂತ ಹುಡುಕ್ತಿದ್ವಲ್ಲ, ಕಾಮನ್ ರೈಲ್‌ನಲ್ಲಿ ಅದು ಪ್ರಾಣಕ್ಕೇ ಅಪಾಯ. ಅಲ್ಲಿ ಒತ್ತಡ ಸಾವಿರ ಬಾರ್ ದಾಟುತ್ತೆ. ಸಣ್ಣ ಎಳೆಯಂತೆ ಚಿಮ್ಮೋ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ. ಗಾಯ ಚಿಕ್ಕದಾಗಿ ಕಂಡ್ರೂ ಕೂಡಲೇ ಆಸ್ಪತ್ರೆಗೆ ಹೋಗ್ಬೇಕು, ಬೆರಳು ಕಳ್ಕೊಳ್ಳೋ ಪರಿಸ್ಥಿತಿ ಬರಬಹುದು. 2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಟ್ರ್ಯಾಕ್ಟರ್‌ಗೂ ಹೊಸ ಹೊಗೆ ನಿಯಮ ಬಂದಿದೆ. ಹಾಗಾಗಿ ಅವುಗಳಲ್ಲೂ ಈಗ ಕಾಮನ್ ರೈಲ್ ಬರ್ತಿದೆ. ಅಪ್ಪ ಹೇಳಿಕೊಟ್ಟ ಉಪಾಯ ಅಲ್ಲೂ ನಡೆಯಲ್ಲ.

ತಪ್ಪೆಲ್ಲ ಗ್ಯಾರೇಜಿನವರದು ಅಂತ ನಾನು ಹೇಳಲ್ಲ. ಪಾರ್ಟ್‌ಗೆ ಸಾವಿರಗಟ್ಟಲೆ ಕೊಡೋ ನಾವು, ಅರ್ಧ ದಿನ ಕೂತು ಪರೀಕ್ಷೆ ಮಾಡಿದವರು ಕೂಲಿ ಕೇಳಿದ್ರೆ "ಬರೀ ನೋಡಿದ್ದಕ್ಕೆ ಇಷ್ಟಾ?" ಅಂತೀವಿ. ಹಾಗಾದ್ರೆ ಅವರು ಪಾರ್ಟ್ ಮಾರದೆ ಇನ್ನೇನು ಮಾಡ್ತಾರೆ? ನೋಡೋದೇ ದೊಡ್ಡ ಕೆಲಸ ಕಣ್ರೀ. ಅದಕ್ಕೆ ಕೂಲಿ ಕೊಡೋಣ, ಲೆಕ್ಕಾನೂ ಕೇಳೋಣ.

ಕೈಯಲ್ಲಿ ಫೋನ್ ಇದೆಯಲ್ಲ? ಇಂಜೆಕ್ಟರ್ ಹಾಕೋ ಮುಂಚೆ ನಾಲ್ಕರ ಕೋಡ್ ಫೋಟೋ ತೆಗೀರಿ, ಯಾವುದು ಯಾವ ಸಿಲಿಂಡರ್‌ಗೆ ಅಂತ ಬರ್ಕೊಳ್ಳಿ. ರೀಕಂಡೀಷನ್ ಆಗಿದ್ರೆ ಟೆಸ್ಟ್ ರಿಪೋರ್ಟ್ ಕೇಳಿ, ಹೊಸ ಕೋಡ್ ಬಂದಿದ್ರೆ ಅದೇ ತುಂಬಬೇಕು. ಹಳೇ ವಾಷರ್ ನಾಲ್ಕನ್ನೂ ಎಣಿಸಿ ಕೈಗೆ ತಗೊಳ್ಳಿ. ಮೂರೇ ಸಿಕ್ಕಿದ್ರೆ ನಾಲ್ಕನೇದು ಎಲ್ಲಿದೆ ಅಂತ ಈಗ ನಿಮಗೆ ಗೊತ್ತು.